ಒಂದೂವರೆ ಸುತ್ತು

ಸುಲೋಚನಾ ಬಾಯಿಯವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನನ್ನ ಕೈಯಲ್ಲಿತ್ತು. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಅವರ ಎದುರು ನಿಂತು, "ಗಾಡ್ಯಾಗ ಏನೂ ಇಲ್ರಿ ಅಕ್ಕಾರ. ನಿಮ್ಮ ಕೈನೇ ಇನ್ನಾ ಪಳಗಿಲ್ಲ" ಎಂದೆ. ಆ ಮಾತನ್ನು ಅವರು ನಂಬಿದರು. ನಂಬಿ, ತಾವು ಆಸೆಪಟ್ಟು ಕೊಂಡ ಕಾರಿನ ಸ್ಟೇರಿಂಗನ್ನು ಮತ್ತೆ ಮುಟ್ಟಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ಕಾಲ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಲ್ಲ — ಅವರ ಜೊತೆ ಸೇರಿ ನಕ್ಕೆ ಕೂಡ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮಾಣಿಕಪ್ಪ. ಬೀದರ ಜಿಲ್ಲೆಯವನು. ಹತ್ತನೆಯ ತರಗತಿ ಪಾಸು ಮಾಡಿಕೊಂಡು ಹೈದರಾಬಾದಿಗೆ ಬಂದು, ಗಾಡಿಗಳ ಕೆಳಗೆ ಮಲಗಿಯೇ ಆಯುಷ್ಯ ಕಳೆದೆ. ಈಗ ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ, ಬಾಗಿಲ ಮುಂದೆ ಒಂದು ಕರಿಬೇವಿನ ಗಿಡ, ನನ್ನನ್ನು ಇಂದಿಗೂ "ಏ ಮೆಕ್ಯಾನಿಕ್" ಎಂದು ಕರೆದು ಛೇಡಿಸುವ ಹೆಂಡತಿ ಕಲಾವತಿ. ಊಟ ರುಚಿಸುತ್ತದೆ. ಮಲಗಿದರೆ ನಿದ್ದೆ ಬರುತ್ತದೆ. ಹೀಗೆ ಬರೆಯಲು ನನಗೇ ಸ್ವಲ್ಪ ನಾಚಿಕೆ — ತಪ್ಪು ಮಾಡಿದವನಿಗೆ ನಿದ್ದೆ ಬರಬಾರದು ಎನ್ನುತ್ತಾರೆ. ನನಗೆ ಬಂತು. ಅದೂ ತಪ್ಪಿನ ಒಂದು ಭಾಗವೇ ಇರಬೇಕು.

ಆಗ ನಾನು ಬೇಗಂಪೇಟೆಯಲ್ಲಿ ಒಂದು ಜಪಾನಿ ಕಾರು ಕಂಪನಿಯ ಶೋರೂಮಿನ ಹಿಂದಿದ್ದ ವರ್ಕ್‌ಶಾಪಿನಲ್ಲಿ ಹಿರಿಯ ಮೆಕ್ಯಾನಿಕ್. ಆ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತಪ್ಪು ಅವರದಲ್ಲ. ಆ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಮೀರ್‌ಪೇಟೆಯ ಒಂದೊಂದು ಕಟ್ಟಡಕ್ಕೂ ನಾಲ್ಕು ಕಂಪ್ಯೂಟರ್ ಕ್ಲಾಸುಗಳ ಬೋರ್ಡು. ನಿನ್ನೆ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹುಡುಗ ಮರುವರ್ಷ ಅಪ್ಪ ಅಮ್ಮನನ್ನು ಕರೆದುಕೊಂಡು ನಮ್ಮ ಶೋರೂಮಿಗೆ ಬರುತ್ತಿದ್ದ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ. ಹಳೆಯ ಗಾಡಿಗಳ ಗುಡುಗು ಕೇಳಿ ಬೆಳೆದ ಜನಕ್ಕೆ ಈ ಎಂಜಿನ್ ಚಾಲೂ ಆದದ್ದೇ ತಿಳಿಯುತ್ತಿರಲಿಲ್ಲ. ಚಾಲೂ ಇದ್ದಾಗಲೇ ಮತ್ತೆ ಚಾವಿ ತಿರುವಿ ಕರ್ರೆನ್ನಿಸಿ, "ಬಂಡಿ ಸ್ಟಾರ್ಟ್ ಕಾಲೇದು ಸಾರ್" ಎಂದು, ಗಾಡಿ ಸ್ಟಾರ್ಟೇ ಆಗಲಿಲ್ಲವೆಂದು ದೂರು ತರುತ್ತಿದ್ದರು. ಬಟ್ಟೆ ವ್ಯಾಪಾರದ ಸೇಠರೊಬ್ಬರು ಪ್ರತಿ ಸಲ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು, "ಟೀನ್ ಪತ್ಲಾ ಹೈ ಮಿಯಾ, ಬಿಸ್ಕೀಟ್ ಕಾ ಡಬ್ಬಾ" ಎಂದು ತೆಳು ತಗಡನ್ನು ಹಳಿಯುವರು. ಬೈಯುತ್ತಲೇ ಎರಡು ವರ್ಷದಲ್ಲಿ ಅದೇ ಕಂಪನಿಯ ಮೂರು ಗಾಡಿ ಕೊಂಡರು. ಒಬ್ಬ ಡಾಕ್ಟರು ಮಾತ್ರ, "ಈ ಗಾಡಿ ಭಾಳ ಒಳ್ಳೇದು ಮಾಣಿಕಪ್ಪ, ಆದರೆ ಇದರ ಬಗ್ಗೆ ಹೇಳಲಿಕ್ಕೆ ಏನೂ ಇರೋದಿಲ್ಲ ನೋಡು" ಎಂದಿದ್ದರು. ಕೆಡದ ಗಾಡಿಯ ಬಗ್ಗೆ ಏನು ಹೇಳುವುದು? ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಹೊಗಳಿಕೆ ಅನ್ನಿಸಿತ್ತು.

ವರ್ಷಕ್ಕೆರಡು ಸಲ ಜಪಾನಿನಿಂದ ಒಬ್ಬ ಹಿರಿಯ ಎಂಜಿನಿಯರು ಬರುತ್ತಿದ್ದರು. ನಾವು ಅವರನ್ನು ಜಪಾನಿ ಸಾಹೇಬರು ಎನ್ನುತ್ತಿದ್ದೆವು. ಸಣ್ಣ ಆಳು, ಬಿಳಿ ಕೈಚೀಲ. ತರಬೇತಿ ಶುರುಮಾಡುವ ಮೊದಲು ತಮ್ಮ ಕಂಪನಿಯ ಕಥೆ ಹೇಳುವರು, ಜೊತೆಗಿದ್ದವರು ಅದನ್ನು ಹಿಂದಿಗೆ ತರುವರು. ಯುದ್ಧ ಮುಗಿದು ಊರಿಗೆ ಊರೇ ಬೂದಿಯಾಗಿದ್ದಾಗ ಅವರ ಮೂಲ ಯಜಮಾನ ತಗಡಿನ ಶೆಡ್ಡಿನಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ಮಾಡುತ್ತಿದ್ದನಂತೆ. ಆಮೇಲೆ ಮೂರು ಗಾಲಿಯ ಸಾಮಾನು ಗಾಡಿ ಮಾಡಿದ. ಅದನ್ನು ಕೊಂಡ ಮೀನು ವ್ಯಾಪಾರಿಯೊಬ್ಬ, ದಾರಿಯಲ್ಲೇ ನಿಂತುಬಿಡುತ್ತದೆ ಎಂದು ಮೇಲಿಂದ ಮೇಲೆ ದೂರಿದ. ಅವನಿಗೆ ಗಾಡಿ ನಡೆಸಲು ಬರುವುದಿಲ್ಲ ಎಂದು ಕೆಲಸಗಾರರೆಲ್ಲ ನಕ್ಕರು. ಯಜಮಾನ ನಗಲಿಲ್ಲ. ರೈಲು ಹತ್ತಿ ಆ ಊರಿಗೆ ಹೋದ. ಮೀನು ವ್ಯಾಪಾರಿಯ ಅಂಗಳದಲ್ಲಿ ಕೂತು ಗಾಡಿ ಬಿಚ್ಚಿದ. ತಾನೇ ಕೂರಿಸಿದ್ದ ಒಂದು ನಳಿಕೆ ಓರೆಯಾಗಿದ್ದದ್ದು ಕಂಡ. ಎದ್ದು ತಲೆ ಬಗ್ಗಿಸಿ, "ತಪ್ಪು ನಿಮ್ಮದಲ್ಲ, ನನ್ನ ಕೈಯದು" ಎಂದ. ಅಂದಿನಿಂದ ಅವರಲ್ಲಿ ಒಂದು ನಿಯಮ — ಮೊದಲು ನಿನ್ನ ಕೈ ನೋಡಿಕೋ, ಆಮೇಲೆ ಮಾಲೀಕನ ಕೈ.

ಈ ಕಥೆ ನನಗೆ ಬಾಯಿಪಾಠವಾಗಿತ್ತು. ಶೋರೂಮಿನಲ್ಲಿ ಗಿರಾಕಿಗಳು ಕಾದು ಬೇಸತ್ತರೆ ಮ್ಯಾನೇಜರು ನನ್ನನ್ನೇ ಕರೆಸುತ್ತಿದ್ದರು. ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳಿದರೆ ಹಿಂದಿಯಲ್ಲಿ ಹೇಳುತ್ತಿದ್ದೆ. ತಲೆ ಬಗ್ಗಿಸುವ ಭಾಗ ಬಂದಾಗ ನಾನೂ ಬಗ್ಗಿಸಿ ತೋರಿಸುತ್ತಿದ್ದೆ. ಜನ ಚಪ್ಪಾಳೆ ಹೊಡೆಯುವರು. ಕಥೆಯನ್ನು ಅಷ್ಟು ಸಲ ಹೇಳಿದವನಿಗೆ — ಇರಲಿ.

ಸುಲೋಚನಾ ಬಾಯಿಯವರು ಬಂದದ್ದು ಅಂಥದೇ ಒಂದು ದಿನ. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಕ್ಲಾರ್ಕು. ಪರೀಕ್ಷೆ ಬರೆದು ತಾವೇ ಗಳಿಸಿದ ಕೆಲಸ. ಮದುವೆಯಾಗಿರಲಿಲ್ಲ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಆಕಾಶನೀಲಿ ಬಣ್ಣದ ಸಣ್ಣ ಕಾರು ಆರಿಸಿದ್ದರು. ನನ್ನ ಮಾತಿನ ಧಾಟಿ ಕೇಳಿದ್ದೇ, "ಅಯ್ಯ, ಅಣ್ಣಾರ, ನೀವು ನಮ್ಮ ಬೀದರ ಕಡೀಯವರೇನ್ರಿ!" ಎಂದರು. ಅಲ್ಲಿಂದ ನಾನು ಅವರಿಗೆ ಅಣ್ಣ. ಅವರು ನನಗೆ ಅಕ್ಕಾರು. ವಯಸ್ಸಿನಲ್ಲಿ ನಾನೇ ದೊಡ್ಡವನು, ಆದರೆ ನಮ್ಮ ಕಡೆ ಓದಿದ ಹೆಣ್ಣುಮಕ್ಕಳಿಗೆ ಹಾಗೆಯೇ ಕರೆಯುವುದು.

"ಕಾರು ಯಾಕ್ರಿ ಅಕ್ಕಾರ? ಮಲ್ಕಾಜ್‌ಗಿರಿ ಸ್ಟೇಷನ್ ನಿಮ್ಮ ಮನಿ ಮುಂದೇ ಅದ" ಎಂದು ಕೇಳಿದ್ದೆ.

"ಆಫೀಸಿಗೆ ಅಲ್ರಿ ಅಣ್ಣಾರ. ಅವ್ವ ಬೀದರದಾಗ ಅದಾಳ. ನಾ ಮೆಟ್ರಿಕ್ ಪಾಸಾದಾಗ ನಮ್ಮ ಕಾಕಾ, ಹೆಣ್ಣುಡುಗಿ ಓದಿ ಏನು ಮೋಟಾರು ಓಡಸ್ತಾಳೇನು ಅಂತ ಅಂದಿದ್ದ. ಅವ್ವ ಅದನ್ನ ಮರತಿಲ್ಲ. ನಾ ನಡಸೋ ಗಾಡ್ಯಾಗ ಮುಂದಿನ ಸೀಟಿನಾಗ ಕೂತು ಕಾಕಾನ ಮನಿ ಮುಂದ ಹಾಯ್ಬೇಕಂತ. ಎರಡು ಸಲ ಹಾರ್ನ್ ಹೊಡೀಬೇಕಂತ. ಒಮ್ಮಿ ಹೊಡದ್ರ ಅಂವಗ ಕೇಳಸಂಗಿಲ್ಲ, ಕಿವಿ ಮಂದ ಅದಾವ ಅಂತಾಳ!"

ಶೋರೂಮಿನವರೆಲ್ಲ ನಕ್ಕರು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಈಗ ತಪ್ಪಿನ ವಿಷಯ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಮುಖ್ಯವಾದ ಪ್ರತಿ ನಟ್ಟನ್ನೂ ಅಳತೆಯ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಬಿಗಿಯಬೇಕು — ಸಾಕಷ್ಟು ಬಿಗಿಯಾದೊಡನೆ ಆ ಪಾನಾ 'ಟಕ್' ಎನ್ನುತ್ತದೆ. ಟಕ್ ಎಂದ ಮೇಲೆ ನಟ್ಟಿನ ಮೇಲೆ ಹಳದಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿದಿದೆ ಎಂದರ್ಥ. ಮತ್ತೊಬ್ಬ ಅದನ್ನು ಮುಟ್ಟುವ ಅಗತ್ಯವಿಲ್ಲ. ಒಂದು ನಟ್ಟು, ಒಂದು ಟಕ್, ಒಂದು ಗೆರೆ. ಆದರೆ ಪ್ರತಿ ಸಲ ಪಾನಾ ಕೆಳಗಿಟ್ಟು ಪೆನ್ನು ಹಿಡಿಯುವುದು, ಪೆನ್ನು ಕೆಳಗಿಟ್ಟು ಪಾನಾ ಹಿಡಿಯುವುದು ನನ್ನಂಥ ಚುರುಕಿನವನಿಗೆ ಕಾಲಹರಣವೆನ್ನಿಸಿತು. ನಾನು ಒಂದು ಉಪಾಯ ಕಂಡುಕೊಂಡೆ. ಮೊದಲೇ ಎಲ್ಲ ನಟ್ಟುಗಳಿಗೂ ಸಾಲಾಗಿ ಗೆರೆ ಎಳೆದುಬಿಡುವುದು; ಆಮೇಲೆ ಪಾನಾ ಹಿಡಿದು ಸಾಲಾಗಿ ಬಿಗಿಯುವುದು. ದಿನಕ್ಕೆ ಎರಡು ಗಾಡಿ ಹೆಚ್ಚು ಮುಗಿದು ಇಳಿಯುತ್ತಿದ್ದವು. ಎಲ್ಲರೂ ನನ್ನನ್ನು ಉಸ್ತಾದ್ ಎಂದರು. ಎಡ ಎದೆಯ ಮೇಲೆ ಹಾಕಿಕೊಳ್ಳಲು 'ಉತ್ತಮ ಕೈ' ಎಂಬ ಬಿಲ್ಲೆ ಸಿಕ್ಕಿತು. ಅದನ್ನು ಮನೆಗೂ ಹಾಕಿಕೊಂಡು ಹೋಗುತ್ತಿದ್ದೆ.

ಮೇಲ್ಸೇತುವೆಗೆಂದು ಎಲ್ಲ ಕಡೆ ರಸ್ತೆ ಅಗೆದಿದ್ದರು. ಸುಲೋಚನಾ ಬಾಯಿಯವರ ಕಾರು ಅಂಥ ಒಂದು ಗುಂಡಿಗೆ ಬಿದ್ದು, ಮುಂದಿನ ಎಡಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳು ಸೊಟ್ಟಗಾಯಿತು. ನಾನೇ ಹೊಸ ತೋಳು ಕೂರಿಸಿದೆ. ಗೆರೆಗಳನ್ನು ಎಳೆದೆ. ಮುಂದಿನ ಬೋಲ್ಟು ಬಿಗಿದೆ. ಹಿಂದಿನ ಬೋಲ್ಟನ್ನು ಬೆರಳಿನಿಂದ ತಿರುವಿ ಕೂರಿಸುತ್ತಿದ್ದೆ — ಅಷ್ಟರಲ್ಲಿ ಮ್ಯಾನೇಜರು ಕರೆದರು. ಹೊಸ ಗಿರಾಕಿಗಳು ಬಂದಿದ್ದರು. ಕಂಪನಿಯ ಕಥೆ ಹೇಳಬೇಕಿತ್ತು. ಹೋದೆ. ಮೀನು ವ್ಯಾಪಾರಿಯ ಕಥೆ ಹೇಳಿದೆ. ತಲೆ ಬಗ್ಗಿಸಿದೆ. ಚಪ್ಪಾಳೆ ಬಿತ್ತು. ತಿರುಗಿ ಬಂದು ನೋಡಿದರೆ ಎರಡೂ ಬೋಲ್ಟಿನ ಮೇಲೆ ಹಳದಿ ಗೆರೆ ಇತ್ತು. ಗೆರೆ ಇದ್ದ ಮೇಲೆ — ಗಾಲಿ ಹಾಕಿ ಗಾಡಿ ಇಳಿಸಿದೆ.

ಹತ್ತು ದಿನಕ್ಕೆ ಅವರು ಬಂದರು. "ಬ್ರೇಕ್ ಒತ್ತಿದ್ರ ಎಡಕ್ಕ ಎಳೀತದ ಅಣ್ಣಾರ. ಟಕ್ ಅಂತ ಸಪ್ಪಳಾನೂ ಬರ್ತದ." ಟಾರ್ಚು ಹಿಡಿದು ಕೆಳಗೆ ನೋಡಿದೆ. ಗೆರೆಗಳಿದ್ದವು, ನನ್ನವೇ. ನನ್ನ ಗೆರೆಯನ್ನು ನಾನೇ ನಂಬಿದೆ. ನಿಧಾನಕ್ಕೆ ಒಂದು ಸುತ್ತು ಓಡಿಸಿ ತಂದು, "ಹೊಸಾ ಕೈ ನೋಡ್ರಿ, ಸ್ಟೇರಿಂಗ್ ಒಂದೇ ಕಡೀಗಿ ಹಿಡೀತೀರಿ" ಎಂದೆ. ಆ ಸಲ ಹೇಳಿದ್ದು ಸುಳ್ಳಲ್ಲ, ಸೊಕ್ಕು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಇರ್ಬೇಕ್ರಿ. ನೀವಂದ ಮ್ಯಾಲ ಮುಗೀತು" ಎಂದು ಹೋದರು.

ಆಮೇಲೆ ಒಂದು ಶನಿವಾರ ತಾಯಿಯನ್ನು ಕರೆತರಲು ಬೀದರಕ್ಕೆ ಹೊರಟರು. ಒಬ್ಬರೇ. ಸಂಗಾರೆಡ್ಡಿ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದರು. ಗಾಡಿ ಎಡಕ್ಕೆ ನುಗ್ಗಿ ರಸ್ತೆ ಬಿಟ್ಟು ಹೊಲದ ಮಣ್ಣಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ಕೂಡ ತನ್ನ ಪಾಡಿಗೆ ಹೋಯಿತಂತೆ. ಅವರು ಅರ್ಧ ತಾಸು ಸ್ಟೇರಿಂಗ್ ಹಿಡಿದೇ ಕೂತಿದ್ದರಂತೆ. ಲಾರಿಯವರು ಗಾಡಿಯನ್ನು ರಸ್ತೆಗೆ ಎಳೆದುಕೊಟ್ಟರು. ಬೀದರದ ದಾರಿ ಬಿಟ್ಟು ಹೈದರಾಬಾದಿನ ಕಡೆ ತಿರುಗಿಸಿ, ಎತ್ತಿನ ಗಾಡಿಯ ವೇಗದಲ್ಲಿ ವಾಪಸು ಬಂದರು.

ಸೋಮವಾರ ಗಾಡಿ ನನ್ನ ಮುಂದಿತ್ತು. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗಾಡಿ ಮೇಲೆತ್ತಿದೆ. ಗೆರೆ ಹಾಗೆಯೇ ಇತ್ತು. ಅಂದು ಯಾಕೋ ಗೆರೆಯನ್ನು ನಂಬದೆ ಹಿಂದಿನ ಬೋಲ್ಟಿಗೆ ಪಾನಾ ಹಚ್ಚಿದೆ.

ತಿರುಗಿತು.

ಒಂದು ಸುತ್ತು. ಮತ್ತೆ ಅರ್ಧ ಸುತ್ತು. ಆಮೇಲೆ 'ಟಕ್' ಎಂದಿತು.

ಆ ಶಬ್ದ — ಅದನ್ನು ಹೇಗೆ ಹೇಳಲಿ. ಸುತ್ತ ಯಾರೂ ಇರಲಿಲ್ಲ. ಜಪಾನಿ ಸಾಹೇಬರ ನಿಯಮದ ಪ್ರಕಾರ ನಾನು ಹೊರಗೆ ಹೋಗಿ ಅರ್ಧ ವಾಕ್ಯ ಹೇಳಿದ್ದರೆ ಸಾಕಿತ್ತು: ಒಂದು ಬೋಲ್ಟು ಸಡಿಲಿತ್ತು ಅಕ್ಕಾರ, ನನ್ನ ತಪ್ಪು, ಈಗ ಸರಿಯಾಗಿದೆ. ಅವರು ಮುಂದಿನ ಶನಿವಾರವೇ ಬೀದರಕ್ಕೆ ಹೋಗುತ್ತಿದ್ದರು. ಕೆಲಸ ಹೋಗುತ್ತದೆ ಎಂದು ಹೆದರಿದೆ ಎಂದು ಇಲ್ಲಿ ಬರೆಯಬಹುದು. ಓದುವವರಿಗೆ ಅಯ್ಯೋ ಅನ್ನಿಸಬಹುದು. ಆದರೆ ಅದು ನಿಜವಲ್ಲ. ಒಪ್ಪಿಕೊಂಡವರನ್ನು ಅಲ್ಲಿ ಯಾರೂ ಹೊರಗೆ ಹಾಕಿರಲಿಲ್ಲ. ಎದೆಯ ಮೇಲಿನ ಬಿಲ್ಲೆ ಹೋಗುತ್ತಿತ್ತು, ಅಷ್ಟೆ. ಉಸ್ತಾದನ ಕೈ ತಪ್ಪಿತು ಎಂದು ಹುಡುಗರು ಚಹಾದ ಹೊತ್ತಿಗೆ ಆಡಿಕೊಳ್ಳುತ್ತಿದ್ದರು. ಅಷ್ಟನ್ನು ತಾಳಲಾರದೆ —

ಕೈ ಒರೆಸಿಕೊಂಡು ಹೊರಗೆ ಹೋದೆ. ಮೊದಲಿಗೇ ಬರೆದ ಆ ಮಾತು ಹೇಳಿದೆ.

ಚಾವಿ ಕೊಡಲು ಹೋದೆ. ಅವರು ಅದನ್ನು ನನ್ನ ಕೈಯಲ್ಲೇ ಬಿಟ್ಟು, "ಮನೀತನಕ ನೀವೇ ಬಿಟ್ಟು ಬರ್ರಿ ಅಣ್ಣಾರ. ನನಗ ಆಗಂಗಿಲ್ಲ" ಎಂದರು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ನಾನು ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ದಾರ ಹಿಡಿದಂತೆ ನೇರ ನಿಲ್ಲುತ್ತಿತ್ತು. "ನಿಮ್ಮ ಕೈಯಾಗ ಗಾಡಿ ಎಷ್ಟು ಚಂದ ಮಾತು ಕೇಳ್ತದ ನೋಡ್ರಿ" ಎಂದರು.

ಗಾಡಿಗಳ ಬಗ್ಗೆ ಮಾಲೀಕರ ಅಭಿಪ್ರಾಯ ಕೇಳಲು ಕಂಪನಿಯವರು ಕಾರ್ಡು ಕಳಿಸುತ್ತಿದ್ದರು. ಒಂದು ತಿಂಗಳಿಗೆ ಅವರ ಕಾರ್ಡು ಬಂತು. ಕನ್ನಡದಲ್ಲಿತ್ತು, ಓದಲು ಬರುವವನು ನಾನೊಬ್ಬನೇ. ಮ್ಯಾನೇಜರು ಬೆಳಗಿನ ಸಭೆಯಲ್ಲಿ ಎಲ್ಲರ ಎದುರು, "ಅರೇ ಉಸ್ತಾದ್, ಪಢ್ ಕೇ ಸುನಾವ್" ಎಂದರು. ಓದಿದೆ. "ಗಾಡಿ ಬಹಳ ಒಳ್ಳೆಯದು. ತಪ್ಪು ನನ್ನ ಕೈಯದು." ಹಿಂದಿಯಲ್ಲಿ ಹೇಳಿದೆ. ಹುಡುಗರು ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. "ಗಿರಾಕಿ ಅಂದರೆ ಹೀಗಿರಬೇಕು!" ಎಂದು ಮ್ಯಾನೇಜರು ಅದನ್ನು ಗೋಡೆಗೆ ಚುಚ್ಚಿಸಿದರು.

ಜಪಾನಿ ಸಾಹೇಬರು ಮುಂದಿನ ಸಲ ಬಂದಾಗ ಆ ಕಾರ್ಡಿನ ಮುಂದೆ ನಿಂತರು. ಏನು ಬರೆದಿದೆ ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದರು. ಆಮೇಲೆ ಅವರು ಹೇಳಿದ್ದನ್ನು ಜೊತೆಯವರು ಹಿಂದಿಯಲ್ಲಿ ಹೇಳಿದರು: "ಮಾಲೀಕರು ಗಾಡಿಯನ್ನು ಬೈದರೆ ನಾನು ನಿಧಾನವಾಗಿ ಹೋಗುತ್ತೇನೆ. ಮಾಲೀಕರು ತಮ್ಮನ್ನೇ ಬೈದುಕೊಂಡರೆ ಓಡಿಹೋಗಿ ಗಾಡಿ ನೋಡುತ್ತೇನೆ. ಈ ಗಾಡಿಯನ್ನು ನೀವು ಮತ್ತೆ ನೋಡಿದಿರಾ?"

ಎರಡನೆಯ ಅವಕಾಶ ಹೀಗೆ ಎದುರು ಬಂದು ನಿಲ್ಲುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಆಗಿನ್ನೂ ಕಾರು ಅವರ ಬಾಗಿಲಲ್ಲೇ ಇತ್ತು. ತಾಯಿ ಬದುಕಿದ್ದರು.

"ನೋಡಿದೆ ಸಾಹೇಬ್. ಏನೂ ಇಲ್ಲ" ಎಂದೆ.

ಅವರು ತಲೆ ಬಗ್ಗಿಸಿದರು — ನನ್ನ ಮಾತಿಗೆ ಮರ್ಯಾದೆ ಕೊಟ್ಟು. ನಾನೂ ಬಗ್ಗಿಸಿದೆ.

ಆ ವರ್ಷವೇ ಆಕಾಶನೀಲಿ ಕಾರು ಮಾರಾಟವಾಯಿತು. ಮರುವರ್ಷ ಬೀದರದಲ್ಲಿ ಅವರ ತಾಯಿ ತೀರಿಕೊಂಡರು. ಅಕ್ಕಾರು ಬಸ್ಸಿನಲ್ಲಿ ಹೋಗಿಬಂದರು. ಕೆಲವು ವರ್ಷಕ್ಕೆ ನಾವೂ ಮಲ್ಕಾಜ್‌ಗಿರಿಗೆ ಮನೆ ಮಾಡಿದೆವು, ಅವರ ಮನೆಯಿಂದ ಎರಡು ಗಲ್ಲಿ ಆಚೆ. ಕಲಾವತಿಗೂ ಅವರಿಗೂ ಒಡಹುಟ್ಟಿದವರಷ್ಟು ಬಳಕೆ. ಹೋಳಿಗೆ ಅಲ್ಲಿಂದ ಬಂದರೆ ಶೇಂಗಾ ಚಟ್ನಿಪುಡಿ ಇಲ್ಲಿಂದ ಹೋಗುತ್ತದೆ. ಚೆನ್ನಾಗಿಯೇ ದಿನ ಕಳೆದವು — ಒಂದನ್ನು ಬಿಟ್ಟು. ನಾಲ್ಕು ಜನ ಸೇರಿದಲ್ಲಿ ಅವರು ಆ ಕಥೆ ತೆಗೆಯುತ್ತಿದ್ದರು. "ನನ್ನ ಕೈ ಎಂಥಾದ್ದು ಅಂದ್ರ, ಜಪಾನದವ್ರ ಗಾಡೀನೂ ಸೋತು ಹೊಲಕ್ಕ ಇಳೀತು! ಎಮ್ಮಿ ನನ್ನ ಮುಖಾ ನೋಡಿ, ಈಕಿಗಿ ನಾನೇ ಡ್ರೈವಿಂಗ್ ಕಲಿಸ್ಲಾ ಅಂದಂಗಿತ್ತು. ಮಾಣಿಕಪ್ಪ ಅಣ್ಣಾರಿಗಿ ಕೇಳ್ರಿ!" ಎಲ್ಲರೂ ನನ್ನ ಕಡೆ ನೋಡುವರು. ನಾನು ನಗುತ್ತಿದ್ದೆ. ಹೌದು ಎಂದು ತಲೆ ಆಡಿಸುತ್ತಿದ್ದೆ. ಎಷ್ಟು ಸಲವೋ ಲೆಕ್ಕವಿಲ್ಲ. ಬೋಲ್ಟು ಬಿಗಿಯದೆ ಬಿಟ್ಟದ್ದು ಒಂದು ಸಲ. ಈ ನಗು ಮಾತ್ರ ವರ್ಷಗಟ್ಟಲೆ.

ಹೋದ ಚಳಿಗಾಲದಲ್ಲಿ ಅವರ ತಮ್ಮನ ಮೊಮ್ಮಗಳು ಪಲ್ಲವಿ ಡ್ರೈವಿಂಗ್ ಕಲಿಯತೊಡಗಿದಳು. ಒಂದು ದಿನ ಅವರ ಮನೆಯಲ್ಲಿ ನಾವೆಲ್ಲ ಚುರುಮುರಿ ತಿನ್ನುತ್ತ ಕೂತಿದ್ದಾಗ ಮುಖ ಸಣ್ಣ ಮಾಡಿಕೊಂಡು ಬಂದಳು. ಗಾಡಿಯನ್ನು ಗೇಟಿಗೆ ತಾಗಿಸಿದ್ದಳಂತೆ. ಚಾವಿಯನ್ನು ಮೇಜಿನ ಮೇಲಿಟ್ಟು, "ಬ್ಯಾಡ ಅಜ್ಜಿ. ನಂದೂ ನಿಮ್ಮ ಕೈನೇ" ಎಂದಳು.

ಅಕ್ಕಾರು ನಕ್ಕರು. "ಹೌದವ್ವ. ನಮ್ಮ ಮನಿತನದ ಕೈನೇ ಹಂಗ. ಬಿಡು."

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ. ಆ ಹುಡುಗಿ ನನ್ನ ವರ್ಕ್‌ಶಾಪನ್ನು ಕಂಡವಳಲ್ಲ. ನಾನು ಸುಳ್ಳು ಹೇಳಿದಾಗ ಹುಟ್ಟಿರಲೂ ಇಲ್ಲ. ಅವಳ ಕೈಯ ಮೇಲೂ ನಾನು ಗೆರೆ ಎಳೆದುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೋದೆ. ನಿವೃತ್ತನಾಗುವಾಗ ಗೋಡೆಯಿಂದ ಕಿತ್ತು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ಕಾರ್ಡು ಜೇಬಿನಲ್ಲಿತ್ತು. ಅಕ್ಕಾರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಿಂತೇ ಹೇಳಿದೆ. ಗೆರೆ, ಬೋಲ್ಟು, ಒಂದೂವರೆ ಸುತ್ತು, ಹೊರಗೆ ಬಂದು ಆಡಿದ ಮಾತು, ಸಾಹೇಬರಿಗೆ ಕೊಟ್ಟ ಉತ್ತರ — ಒಂದನ್ನೂ ಬಿಡಲಿಲ್ಲ. ಕಾರ್ಡನ್ನು ಅವರ ಮುಂದಿಟ್ಟೆ. ತಲೆ ಬಗ್ಗಿಸಬೇಕು ಅನ್ನಿಸಿತು, ಬಗ್ಗಿಸಲಿಲ್ಲ. ಅದನ್ನು ಶೋರೂಮಿನಲ್ಲಿ ಎಷ್ಟೋ ಸಲ ಆಡಿ ತೋರಿಸಿ ಕೆಡಿಸಿಬಿಟ್ಟಿದ್ದೆ.

ಅವರು ತಮ್ಮದೇ ಅಕ್ಷರವನ್ನು ಓದಿದರು.

"ಎಷ್ಟು ಹೊತ್ತಿನ ಕೆಲಸ ಅದು?"

"ಯಾವುದ್ರಿ?"

"ಬಿಗಿಯೋದು."

"ಅರ್ಧ ನಿಮಿಷ."

"ಅರ್ಧ ನಿಮಿಷ" ಎಂದರು. ಮತ್ತೆ ಸೊಪ್ಪು ಬಿಡಿಸತೊಡಗಿದರು. ಇಡೀ ಕಟ್ಟು ಮುಗಿಸಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಅವ್ವ ಸಾಯೋತನಕ ಕೇಳ್ತಿದ್ದಳು. ಗಾಡಿ ಯಾವಾಗ ತರ್ತಿ ಅಂತ. ನನಗ ಬರಂಗಿಲ್ಲಬೇ, ನನ್ನ ಕೈನೇ ಸುಮಾರು ಅದಾವ ಅಂತ ನಾನೇ ಅಕಿಗಿ ಹೇಳ್ದೆ. ಅಕಿ ನನ್ನ ಕೈ ಹಿಡಕೊಂಡು ತಿರುವಿ ತಿರುವಿ ನೋಡಿದ್ಳು."

ಅವರು ಕಾರ್ಡನ್ನು ನನ್ನ ಕಡೆ ತಳ್ಳಿದರು.

"ಇಪ್ಪತ್ತು ವರ್ಷ ನಾಕು ಮಂದಿ ಮುಂದ ನನ್ನ ಕೈಗಿ ನಾ ನಕ್ಕೊಂಡೀನಿ. ನೀವೂ ನಾಕು ಮಂದಿ ಮುಂದ ಹೇಳ್ರಿ. ಬರೀರಿ. ಅಕ್ಷರ ಬರ್ತಾವಲ್ಲ?" ಎಂದರು. ಅಣ್ಣಾರ ಎನ್ನಲಿಲ್ಲ.

ಅದಕ್ಕೇ ಇದನ್ನು ಬರೆದೆ. ಅವರು ಕ್ಷಮಿಸಿದರೇ ಎಂದು ನೀವು ಕೇಳಬಹುದು. ನಾನು ಕೇಳಿಲ್ಲ; ಅವರೂ ಹೇಳಿಲ್ಲ. ಎಂಟು ದಿನ ಅವರ ಮನೆಯಿಂದ ನಮ್ಮ ಮನೆಗೆ ಏನೂ ಬರಲಿಲ್ಲ. ಕಲಾವತಿಗೂ ಎಲ್ಲ ಹೇಳಿದೆ; ಅವಳು ಎರಡು ದಿನ ನನ್ನನ್ನು ಮೆಕ್ಯಾನಿಕ್ ಎಂದು ಕರೆಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಕಾರು ನಮ್ಮ ಬಾಗಿಲಿಗೆ ಬಂದು ಹೊರಗೇ ನಿಂತು, "ನಿಮ್ಮ ಅಳಿಯಂದು ಗಾಡಿ ಖಾಲಿ ಇರ್ತದೇನು ಐತ್ವಾರಕ್ಕ?" ಎಂದು ಕೇಳಿದರು.

ಮುಗಿದುಹೋಗಿದ್ದ ಲೈಸೆನ್ಸನ್ನು ಅವರು ಮತ್ತೆ ಮಾಡಿಸಿಕೊಂಡರು. ಮೂರು ತಿಂಗಳಿಂದ ಭಾನುವಾರ ಬೆಳಿಗ್ಗೆ ರೈಲ್ವೆ ಮೈದಾನದಲ್ಲಿ ಕಲಿಕೆ. ಅಳಿಯನದು ಅದೇ ಕಂಪನಿಯ ಗಾಡಿ, ಹಳೆಯದು. ಇಂದಿಗೂ ಚಾಲೂ ಇದೆಯೋ ಇಲ್ಲವೋ ತಿಳಿಯದಷ್ಟು ಮೆತ್ತಗೆ. ನಾನು ಪಕ್ಕದ ಸೀಟಿನಲ್ಲಿ ಕೂತಿರುತ್ತೇನೆ. ಕಲಿಸಲು ಏನೂ ಇರಲಿಲ್ಲ. ಮೊದಲ ದಿನವೇ, "ಒಮ್ಮಿ ಜೋರ್ ಒತ್ತಿ ನೋಡ್ತೀನಿ" ಎಂದು ಮೈದಾನದ ನಡುವೆ ಬ್ರೇಕ್ ಒತ್ತಿದರು. ಗಾಡಿ ನೇರವಾಗಿ ನಿಂತಿತು. ಇಳಿದು ಹಿಂದಕ್ಕೆ ಹೋಗಿ, ಮಣ್ಣಿನ ಮೇಲೆ ಗಾಲಿ ಎಳೆದಿದ್ದ ಎರಡು ಗೆರೆಗಳನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಗೆರೆಯ ಪಕ್ಕದಲ್ಲೇ ಉದ್ದಕ್ಕೂ ನಡೆದರು. ತಿರುಗಿ ಬಂದು ಕೂತು, "ಹ್ಞೂಂ" ಎಂದರು. ಅಷ್ಟೆ. ಪಲ್ಲವಿ ಮೇಜಿನ ಮೇಲಿಟ್ಟ ಚಾವಿಯನ್ನು ಮತ್ತೆ ಎತ್ತಿಕೊಂಡಿದ್ದಾಳೆ. ನನ್ನನ್ನು ಕಂಡರೆ, "ಅಜ್ಜಾ, ನಟ್ಟು ಬಿಗಿ ಅದಾವ ಇಲ್ಲೋ?" ಎಂದು ಕೇಳುತ್ತಾಳೆ. ಕೇಳಲಿ.

ಬರುವ ಭಾನುವಾರ ಬೀದರಕ್ಕೆ ಹೋಗುತ್ತಿದ್ದೇವೆ. ಅವರೇ ನಡೆಸುತ್ತಾರೆ. ಕಾಕಾ ಇಲ್ಲ, ಅವನ ಮನೆ ಇದೆ, ಮೊಮ್ಮಕ್ಕಳು ಇದ್ದಾರಂತೆ. ಹಾರ್ನ್ ಹೊಡೆಯುತ್ತಾರೋ ಇಲ್ಲ ಸುಮ್ಮನೆ ಹಾಯುತ್ತಾರೋ ನಾನು ಕೇಳಿಲ್ಲ. ನಿನ್ನೆ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ ಪ್ರತಿಯೊಂದು ಬೋಲ್ಟಿಗೂ ಪಾನಾ ಹಚ್ಚಿ ನೋಡಿದೆ. ಯಾವುದೂ ತಿರುಗಲಿಲ್ಲ. ಹಳದಿ ಪೆನ್ನು ಮುಟ್ಟಲಿಲ್ಲ.

ಕೈ ತೊಳೆದುಕೊಂಡು ಬಂದಾಗ ಅಕ್ಕಾರು ನಿಂಬೆಹಣ್ಣಿನ ಶರಬತ್ತು ನನ್ನ ಮುಂದಿಟ್ಟು ಹೇಳಿದರು: "ಐತ್ವಾರ ನೀವು ಮುಂದ ಕೂಡಬ್ಯಾಡ್ರಿ. ಹಿಂದ ಕೂಡ್ರಿ. ಮುಂದಿನ ಸೀಟು ಖಾಲಿ ಇರ್ಲಿ."

ಅವ್ವ ಕೂತು ಕಾಕಾನ ಮನೆ ಮುಂದೆ ಹಾಯಬೇಕಿದ್ದ ಸೀಟು ಅದು.

ಹಿಂದಿನ ಸೀಟಿನಿಂದ ಸ್ಟೇರಿಂಗ್ ಮೇಲಿನ ಎರಡೂ ಕೈ ಕಾಣುತ್ತವೆ. ಬೀದರದವರೆಗೂ ನಾನು ಅವನ್ನೇ ನೋಡುತ್ತ ಹೋಗಬೇಕು.